ಸಿಗಾರ್ ಹೊಗೆ ಒಳಗೆ ಎಳೀಬಾರ್ದು ಅಂತಾರಲ್ಲ, ಯಾಕೆ?

ಇವತ್ತಿನ ಕಂತಿನ ವಿಷಯ ಸಿಗಾರ್.

ಇದೇ ವಿಷಯ ಯಾಕೆ ಅಂದ್ರೆ, ಸಿಗಾರ್ ಈಗ ಸಿನಿಮಾ ವಿಲನ್ ಕೈಯಿಂದ ಇಳಿದು ನಮ್ಮ ನಡುವೆ ಬಂದಿದೆ. ಗೆಳೆಯನ ಮದುವೆಯ ಹಿಂದಿನ ರಾತ್ರಿ, ಕಂಪನಿಗೆ ಬಂಡವಾಳ ಸಿಕ್ಕ ದಿನ, ದುಬೈನಿಂದ ಭಾವ ಬಂದಾಗ, ಯಾರೋ ಒಂದನ್ನು ಕೈಗಿಡ್ತಾರೆ. ತಗೊಂಡವನು ಸಿಗರೇಟಿನ ಥರ ಎದೆತುಂಬ ಎಳೀತಾನೆ. ಹತ್ತು ನಿಮಿಷಕ್ಕೆ ಮುಖ ಬೆವರಿ, ತಲೆ ತಿರುಗಿ, ಗೋಡೆ ಹಿಡ್ಕೊಂಡು ನಿಂತಿರ್ತಾನೆ. ಆಗ ಪಕ್ಕದಲ್ಲಿರೋ ‘ಗೊತ್ತಿರೋನು’ ಹೇಳ್ತಾನೆ: ‘ಲೋ, ಹೊಗೆ ಒಳಗೆ ಎಳೀಬಾರ್ದು ಕಣೋ. ಬಾಯಲ್ಲೇ ಇಟ್ಕೊಂಡು ಬಿಡ್ಬೇಕು. ಅದಕ್ಕೇ ನೋಡು, ಸಿಗಾರ್‌ನಿಂದ ಏನೂ ಆಗಲ್ಲ.’

ಈ ಮಾತಿನಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಎಳೀಬಾರ್ದು ಅನ್ನೋದು ನಿಜ. ಏನೂ ಆಗಲ್ಲ ಅನ್ನೋದು ಸುಳ್ಳು. ವಿಚಿತ್ರ ಅಂದ್ರೆ ಎರಡಕ್ಕೂ ಕಾರಣ ಒಂದೇ, ಆ ಕಾರಣ ಇರೋದು ಎಲೆಯಲ್ಲಿ. ಅದನ್ನೇ ಇವತ್ತು ಬಿಡಿಸಿ ನೋಡೋಣ. ಜೊತೆಗೆ ಸಿಗಾರ್ ಹೇಗೆ ತಯಾರಾಗುತ್ತೆ, ಸೇದೋರು ಅದರಲ್ಲಿ ಏನು ರುಚಿ ಕಾಣ್ತಾರೆ, ಹೇಗೆ ಕತ್ತರಿಸ್ತಾರೆ, ಹೇಗೆ ಹಚ್ತಾರೆ ಅನ್ನೋದನ್ನೂ ಹೇಳ್ತೀನಿ. ಒಂದು ಮಾತು ಮೊದಲೇ: 21 ವರ್ಷ ತುಂಬದವರಿಗೆ ಇದು ಬರೀ ಕಥೆ. ಕರ್ನಾಟಕದಲ್ಲಿ 2025ರಿಂದ ತಂಬಾಕು ಮಾರಾಟದ ಕನಿಷ್ಠ ವಯಸ್ಸು 18 ಅಲ್ಲ, 21.

ಒಂದು ಸಿಗಾರ್ ಬಿಚ್ಚಿ ನೋಡಿದರೆ

ಸಿಗರೇಟ್ ಅಂದ್ರೆ ಸಣ್ಣಗೆ ಕತ್ತರಿಸಿದ ತಂಬಾಕು, ಸುತ್ತ ಕಾಗದ, ತುದಿಯಲ್ಲಿ ಫಿಲ್ಟರ್. ಕೈಯಲ್ಲಿ ಸುತ್ತಿದ ಒಳ್ಳೆ ಸಿಗಾರ್‌ನಲ್ಲಿ ಕಾಗದವೂ ಇಲ್ಲ, ಫಿಲ್ಟರೂ ಇಲ್ಲ. ಒಳಗೂ ಎಲೆ, ಹೊರಗೂ ಎಲೆ. ಮಧ್ಯದಲ್ಲಿ ಉದ್ದುದ್ದ ಮಡಚಿಟ್ಟ ಎಲೆಗಳು ಫಿಲ್ಲರ್. ಅವನ್ನು ಬಿಗಿಯಾಗಿ ಹಿಡಿದಿಡೋ ಒರಟು ಎಲೆ ಬೈಂಡರ್. ಎಲ್ಲಕ್ಕಿಂತ ಹೊರಗೆ, ರೇಷ್ಮೆ ಸೀರೆಯ ಸೆರಗಿನ ಹಾಗೆ ನಯವಾಗಿ ಸುತ್ತಿಕೊಂಡಿರೋದು ರ‍್ಯಾಪರ್. ಬೆಲೆ ಜಾಸ್ತಿ ಈ ಹೊರಗಿನ ಎಲೆಗೇ, ಯಾಕಂದ್ರೆ ಅದರಲ್ಲಿ ಒಂದು ತೂತು, ಒಂದು ಕಲೆ ಇದ್ರೂ ನಡೆಯಲ್ಲ.

ಈ ಕಸುಬಿನ ತವರು ಕ್ಯೂಬಾ. 1492ರಲ್ಲಿ ಕೊಲಂಬಸ್ ಹಡಗಿನಿಂದ ಇಳಿದು ದ್ವೀಪದೊಳಗೆ ಹೋದ ಇಬ್ಬರು, ರೊಡ್ರಿಗೊ ದೆ ಹೆರೆಸ್ ಮತ್ತು ಲೂಯಿಸ್ ದೆ ತೊರೆಸ್, ಅಲ್ಲಿನ ತೈನೊ ಜನ ಎಲೆ ಸುತ್ತಿ ಹೊಗೆ ಸೇದೋದನ್ನ ನೋಡಿದರು. ಇವತ್ತಿಗೂ ಕ್ಯೂಬಾದ ಪಶ್ಚಿಮದಲ್ಲಿರುವ ಪಿನಾರ್ ದೆಲ್ ರಿಯೊ ಪ್ರಾಂತ್ಯದ ವುಯೆಲ್ತಾ ಅಬಾಹೊ ಅನ್ನೋ ಕೆಂಪು ಮಣ್ಣಿನ ಸೀಮೆಯ ಎಲೆಗೆ ಸಿಗಾರ್ ಲೋಕದಲ್ಲಿ ದೊಡ್ಡ ಹೆಸರು.

ಅಲ್ಲಿ ತಂಬಾಕನ್ನ ಎರಡು ಥರ ಬೆಳೀತಾರೆ. ರ‍್ಯಾಪರ್‌ಗೆ ಬೇಕಾದ ಗಿಡದ ಮೇಲೆ ತೆಳು ಬಟ್ಟೆಯ ಚಪ್ಪರ ಹಾಕ್ತಾರೆ. ಬಿಸಿಲು ಸೋಸಿ ಬರೋದ್ರಿಂದ ಎಲೆ ದೊಡ್ಡದಾಗಿ, ತೆಳ್ಳಗೆ, ನುಣುಪಾಗಿ ಬೆಳೆಯುತ್ತೆ. ಫಿಲ್ಲರ್ ಗಿಡಕ್ಕೆ ಚಪ್ಪರ ಇಲ್ಲ, ಪೂರ್ತಿ ಬಿಸಿಲು. ಆ ಗಿಡದಲ್ಲೂ ಎಲ್ಲ ಎಲೆ ಒಂದೇ ಅಲ್ಲ. ಬುಡದ ಎಲೆ ಮೆತ್ತಗಿರುತ್ತೆ, ಚೆನ್ನಾಗಿ ಹೊತ್ತಿ ಉರಿಯುತ್ತೆ. ಅದನ್ನ ವೊಲಾದೊ ಅಂತಾರೆ. ನಡುವಿನ ಎಲೆ ಸೆಕೊ, ಪರಿಮಳಕ್ಕೆ. ತುದಿಯ ಎಲೆ ಅತಿ ಹೆಚ್ಚು ಬಿಸಿಲು ಕುಡಿದಿರುತ್ತೆ, ದಪ್ಪ, ಖಾರ, ನಿಧಾನಕ್ಕೆ ಉರಿಯೋದು, ಅದು ಲಿಹೆರೊ. ಈ ಮೂರನ್ನ ಯಾವ ಪ್ರಮಾಣದಲ್ಲಿ ಬೆರೆಸ್ತಾರೆ ಅನ್ನೋದರ ಮೇಲೆ ಸಿಗಾರ್ ಎಷ್ಟು ‘ಸ್ಟ್ರಾಂಗ್’ ಅನ್ನೋದು ನಿಂತಿದೆ. ಹೊರಗಿನ ಬಣ್ಣದ ಮೇಲಲ್ಲ. ಕಪ್ಪಗಿದ್ರೆ ಸ್ಟ್ರಾಂಗ್, ತಿಳಿಯಾಗಿದ್ರೆ ಲೈಟ್ ಅಂತ ಅಂಗಡಿಯವರೂ ಹೇಳೋದುಂಟು. ನಂಬಬೇಡಿ. ಮದುರೊ ಅನ್ನೋ ಕಡು ಕಂದು ಬಣ್ಣದ ರ‍್ಯಾಪರ್‌ನದು ಎಷ್ಟೋ ಸಲ ಸಿಹಿ ಕಡೆಗಿನ ರುಚಿ.

ಕಿತ್ತ ಎಲೆಯನ್ನ ಕೋಲಿಗೆ ಪೋಣಿಸಿ, ಗಾಳಿಯಾಡುವ ಕೊಟ್ಟಿಗೆಯಂಥ ಮನೆಯಲ್ಲಿ ನೇತು ಹಾಕ್ತಾರೆ. ಬೆಂಕಿ ಇಲ್ಲ, ಬರೀ ಗಾಳಿ. ಹಸಿರು ಹಳದಿಯಾಗಿ, ಹಳದಿ ಕಂದಾಗೋಕೆ ಸುಮಾರು 50 ದಿನ ಬೇಕು. ಆಮೇಲೆ ಎಲೆಗಳನ್ನ ಒದ್ದೆ ಮಾಡಿ ರಾಶಿ ಒಟ್ತಾರೆ. ಗೊಬ್ಬರದ ಗುಂಡಿ ಒಳಗೊಳಗೇ ಬಿಸಿಯಾಗೋ ಹಾಗೆ ಈ ರಾಶಿಯೂ ಬಿಸಿಯಾಗುತ್ತೆ, ಮೂಗಿಗೆ ಹೊಡೆಯೋ ಅಮೋನಿಯಾ ಹೊರಗೆ ಹೋಗುತ್ತೆ. ರಾಶಿ ಕೆಡವಿ, ಮಗುಚಿ, ಮತ್ತೆ ಒಟ್ಟೋದು. ಇದು ತಿಂಗಳುಗಟ್ಟಲೆ ನಡೆಯೋ ಕೆಲಸ. ಆಮೇಲೂ ಎಲೆ ಹಳೆಯದಾಗಲಿ ಅಂತ ವರ್ಷಗಟ್ಟಲೆ ಇಡೋದುಂಟು.

ಅಜ್ಜಿಯ ಸುಣ್ಣದ ಡಬ್ಬಿಯಲ್ಲಿರೋ ಉತ್ತರ

ಈಗ ಬನ್ನಿ ನಮ್ಮ ಪಿರಿಯಾಪಟ್ಟಣಕ್ಕೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೋದವರಿಗೆ ಹೊಲದ ಪಕ್ಕ ಎತ್ತರದ ಗೋಡೆಯ ಬ್ಯಾರನ್‌ಗಳು ಗೊತ್ತಿರುತ್ತವೆ. ನಮ್ಮ ರೈತರೂ ತಂಬಾಕೇ ಬೆಳೆಯೋದು. ಹಾಗಾದ್ರೆ ಮೈಸೂರು ಜಿಲ್ಲೆಯಿಂದ ಯಾಕೆ ಸಿಗಾರ್ ಬರಲ್ಲ?

ಯಾಕಂದ್ರೆ ಅಲ್ಲಿ ಬೆಳೆಯೋದು ವರ್ಜೀನಿಯಾ ತಂಬಾಕು. ಅದನ್ನ ಬ್ಯಾರನ್‌ನಲ್ಲಿ ಸೌದೆ ಉರಿಸಿ, ಕೊಳವೆಯ ಬಿಸಿಯಲ್ಲಿ ಒಂದು ವಾರದೊಳಗೆ ಹದ ಮಾಡ್ತಾರೆ. ಬೇಗ ಒಣಗೋದ್ರಿಂದ ಎಲೆಯ ಸಕ್ಕರೆ ಎಲೆಯಲ್ಲೇ ಉಳಿಯುತ್ತೆ. ಕ್ಯೂಬಾದ ಎಲೆ 50 ದಿನ ನಿಧಾನಕ್ಕೆ ಸಾಯ್ತಾ ತನ್ನ ಸಕ್ಕರೆಯನ್ನ ತಾನೇ ತಿಂದು ಮುಗಿಸುತ್ತೆ. ಸಕ್ಕರೆ ಇರೋ ಎಲೆಯ ಹೊಗೆ ಆಮ್ಲೀಯ, ಹುಳಿ ಕಡೆ. ಸಕ್ಕರೆ ಕಳಕೊಂಡು ಕೊಳೆಸಿ ಹದವಾದ ಎಲೆಯ ಹೊಗೆ ಕ್ಷಾರೀಯ, ಸುಣ್ಣದ ಕಡೆ.

ಎಲ್ಲ ವ್ಯತ್ಯಾಸ ಇಲ್ಲೇ ಇದೆ. ನಿಕೋಟಿನ್ ಆಮ್ಲೀಯ ಹೊಗೆಯಲ್ಲಿದ್ದಾಗ ಬಾಯಿಯ ಒಳಚರ್ಮ ದಾಟೋದು ಕಷ್ಟ. ಅದಕ್ಕೇ ಸಿಗರೇಟ್ ಸೇದೋನು ಹೊಗೆಯನ್ನ ಶ್ವಾಸಕೋಶದವರೆಗೆ ಎಳೀಲೇಬೇಕು, ಇಲ್ಲಾಂದ್ರೆ ಅವನಿಗೆ ‘ಕಿಕ್’ ಸಿಗಲ್ಲ. ಕ್ಷಾರೀಯ ಹೊಗೆಯಲ್ಲಿ ನಿಕೋಟಿನ್ ಬಿಡಿಬಿಡಿಯಾಗಿರುತ್ತೆ, ಕೆನ್ನೆಯ ಒಳಭಾಗ, ನಾಲಿಗೆಯ ಕೆಳಗಿನಿಂದಲೇ ರಕ್ತಕ್ಕೆ ಸೇರುತ್ತೆ.

ಇದು ನಮಗೆ ಹೊಸ ವಿದ್ಯೆ ಏನಲ್ಲ. ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕೋ ಅಜ್ಜಿ ಸುಣ್ಣ ಮರೆತಿದ್ದನ್ನ ನೋಡಿದ್ದೀರಾ? ಸುಣ್ಣ ಇಲ್ಲದಿದ್ರೆ ಹೊಗೆಸೊಪ್ಪು ‘ಹತ್ತಲ್ಲ’ ಅಂತಾರೆ. ಅಂಗೈಲಿ ತಂಬಾಕು ಉಜ್ಜುವವರು ಹೆಬ್ಬೆರಳಲ್ಲಿ ಸುಣ್ಣ ತಗೊಳ್ಳೋದೂ ಅದಕ್ಕೇ. ಸುಣ್ಣ ಬಾಯಲ್ಲಿ ಮಾಡೋ ಕೆಲಸವನ್ನ ಸಿಗಾರ್ ಎಲೆ ರಾಶಿಯಲ್ಲಿದ್ದಾಗಲೇ ಮುಗಿಸಿಕೊಂಡು ಬಂದಿರುತ್ತೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಸಿಗಾರ್‌ಗೆ ಸಿಗರೇಟಿಗಿಂತ ಹತ್ತಿರದ ನೆಂಟ ಅಜ್ಜಿಯ ಕಡ್ಡಿಪುಡಿ.

ಮದುವೆ ಮನೆಯಲ್ಲಿ ಗೋಡೆ ಹಿಡ್ಕೊಂಡ ಹುಡುಗನಿಗೆ ಏನಾಯ್ತು ಅಂತ ಈಗ ಗೊತ್ತಾಯ್ತಲ್ಲ. ಬಾಯಿಂದಲೇ ಸಾಕಷ್ಟು ನಿಕೋಟಿನ್ ಕೊಡೋ ಹೊಗೆಯನ್ನ ಎದೆಗೂ ಎಳೆದ. ತಲೆ ಸುತ್ತು, ತಣ್ಣನೆ ಬೆವರು, ಹೊಟ್ಟೆ ತೊಳಸೋದು, ಇವೆಲ್ಲ ನಿಕೋಟಿನ್ ಮಿತಿ ಮೀರಿದ ಲಕ್ಷಣ. ಸಿಗಾರ್ ಪಕ್ಕಕ್ಕಿಟ್ಟು, ಗಾಳಿಗೆ ಬಂದು ಕೂತು, ನೀರು ಕುಡಿದರೆ ಸಾಮಾನ್ಯವಾಗಿ ಇಳಿಯುತ್ತೆ. ವಾಂತಿ ನಿಲ್ಲದಿದ್ರೆ, ಎದೆ ಬಡಿತ ಏರ್ತಾನೇ ಹೋದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಖಾಲಿ ಹೊಟ್ಟೆಯಲ್ಲಿ ಸೇದಿದವರಿಗೆ ಇದು ಇನ್ನೂ ಬೇಗ ಆಗುತ್ತೆ.

ಪಾಡ್‌ಕಾಸ್ಟ್ ಕೇಳ್ತಾ ಕೆಲಸ, 1865ರಲ್ಲಿ

ಈ ಭಾಗ ನನಗೆ ತುಂಬ ಇಷ್ಟ, ಅದಕ್ಕೇ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಸಿಗಾರ್ ಸುತ್ತುವವರನ್ನ ತೊರ್ಸೆದೊರ್ ಅಂತ ಕರೀತಾರೆ. ಮುಂದೆ ಒಂದು ಮರದ ಹಲಗೆ, ಕೈಯಲ್ಲಿ ಹಿಡಿಯಿಲ್ಲದ ಅರ್ಧಚಂದ್ರಾಕಾರದ ಬ್ಲೇಡು, ಅದರ ಹೆಸರು ಚಾವೆತಾ, ಪಕ್ಕದಲ್ಲಿ ಗಿಡದ ಅಂಟು. ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಎಲೆ, ಅದೇ ಸುತ್ತು. ಕೈಗೆ ಕೆಲಸ, ಕಿವಿಗೆ ಏನೂ ಇಲ್ಲ. ಹವಾನಾದ ಕಾರ್ಮಿಕರು 1865ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಎಲ್ ಫಿಗರೊ ಅನ್ನೋ ಕಾರ್ಖಾನೆಯಲ್ಲಿ ಒಬ್ಬನನ್ನ ಎತ್ತರದ ಕಟ್ಟೆಯ ಮೇಲೆ ಕೂರಿಸಿ, ಗಟ್ಟಿಯಾಗಿ ಓದಿಸೋಕೆ ಶುರು ಮಾಡಿದರು. ಆತನ ಹೆಸರು ಲೆಕ್ತೊರ್, ಅಂದ್ರೆ ಓದುಗ. ಈ ಪದ್ಧತಿ ಕಾರ್ಖಾನೆಯಿಂದ ಕಾರ್ಖಾನೆಗೆ ಹಬ್ಬಿತು. ಬೆಳಿಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ. ಆತನ ಸಂಬಳ ಮಾಲೀಕ ಕೊಡ್ತಿರಲಿಲ್ಲ. ಕಾರ್ಮಿಕರೇ ತಮ್ಮ ಕೂಲಿಯಿಂದ ಒಂದಿಷ್ಟು ಸೇರಿಸಿ ಕೊಡ್ತಿದ್ದರು. ಯಾವ ಪುಸ್ತಕ ಓದಬೇಕು ಅಂತ ಅವರೇ ಮತ ಹಾಕ್ತಿದ್ದರು. ಓದು ಇಷ್ಟ ಆದ್ರೆ ಚಪ್ಪಾಳೆ ಹೊಡೆಯೋಕೆ ಕೈ ಖಾಲಿ ಇರಲ್ಲ ನೋಡಿ, ಚಾವೆತಾವನ್ನ ಹಲಗೆ ಮೇಲೆ ಟಕಟಕ ಕುಟ್ತಿದ್ದರು.

ಸಬ್‌ಸ್ಕ್ರಿಪ್ಷನ್, ಕೇಳುಗರ ವೋಟಿಂಗ್, ಲೈಕ್ ಬಟನ್, ಎಲ್ಲ ಇದೆ ಅಲ್ವಾ?

ಅಕ್ಷರ ಬಾರದವರೂ ದ್ಯುಮಾ, ಹ್ಯೂಗೊ ಬರೆದಿದ್ದನ್ನ ಕೇಳಿಸಿಕೊಂಡರು. ಕೇಳಿಸಿಕೊಂಡವರು ಪ್ರಶ್ನೆ ಕೇಳೋಕೂ ಶುರು ಮಾಡಿದರು. ಆಗ ಕ್ಯೂಬಾ ಸ್ಪೇನ್‌ನ ವಸಾಹತು. ಮರುವರ್ಷವೇ, 1866ರಲ್ಲಿ, ಸರ್ಕಾರ ಈ ಓದನ್ನ ನಿಷೇಧಿಸಿತು. ಆಮೇಲೆ ಮತ್ತೆ ಚಿಗುರಿಕೊಂಡಿತು. ಕ್ಯೂಬಾ ಬಿಟ್ಟು ಅಮೆರಿಕದ ಫ್ಲಾರಿಡಾಕ್ಕೆ, ಟ್ಯಾಂಪಾ ಊರಿಗೆ ಹೋದ ಕಾರ್ಮಿಕರು ಲೆಕ್ತೊರ್‌ನನ್ನೂ ಜೊತೆಗೆ ಕರ್ಕೊಂಡು ಹೋದರು. ಕ್ಯೂಬಾದ ಸ್ವಾತಂತ್ರ್ಯ ಹೋರಾಟಗಾರ, ಕವಿ ಹೊಸೆ ಮಾರ್ತಿ ಬಂದು ಭಾಷಣ ಮಾಡಿ ಬೆಂಬಲ ಕೇಳಿದ್ದು ಇದೇ ಟ್ಯಾಂಪಾದ ಸಿಗಾರ್ ಕಾರ್ಮಿಕರನ್ನ. 1931ರಲ್ಲಿ ಟ್ಯಾಂಪಾದ ಮಾಲೀಕರು ‘ಇವರು ಕೆಂಪು ಪತ್ರಿಕೆ ಓದಿ ಜನರನ್ನ ಕೆಡಿಸ್ತಾರೆ’ ಅಂತ ಲೆಕ್ತೊರ್‌ಗಳನ್ನ ಕಿತ್ತುಹಾಕಿದರು, ಕಾರ್ಮಿಕರು ಮುಷ್ಕರ ಹೂಡಿದರು. ಕೊನೆಗೆ ಓದುಗನ ಜಾಗಕ್ಕೆ ಬಂದಿದ್ದು ರೇಡಿಯೊ. ಕ್ಯೂಬಾದಲ್ಲಿ ಮಾತ್ರ ಲೆಕ್ತೊರ್ ಇವತ್ತಿಗೂ ಇದ್ದಾರೆ.

ಆ ಓದಿನ ಗುರುತು ಸಿಗಾರ್ ಪೆಟ್ಟಿಗೆಯ ಮೇಲೂ ಉಳಿದಿದೆ. ಕಾರ್ಮಿಕರು ಮತ್ತೆ ಮತ್ತೆ ಕೇಳಿ ಓದಿಸ್ತಿದ್ದ ದ್ಯುಮಾನ ಕಾದಂಬರಿಯ ಹೆಸರಲ್ಲೇ 1935ರಲ್ಲಿ ಮೊಂತೆಕ್ರಿಸ್ತೊ ಬ್ರ್ಯಾಂಡ್ ಬಂತು.

ಕತ್ತರಿ, ಕಡ್ಡಿ, ತಾಳ್ಮೆ

ಅಂಗಡಿಯಲ್ಲಿ ‘ರೊಬುಸ್ತೊ, 5 ಬೈ 50’ ಅಂತ ಬರೆದಿದ್ರೆ ಗಾಬರಿ ಬೇಡ. 5 ಅನ್ನೋದು ಇಂಚಿನಲ್ಲಿ ಉದ್ದ. 50 ಅನ್ನೋದು ದಪ್ಪ, ಇಂಚಿನ 64ನೇ ಒಂದು ಭಾಗದ ಲೆಕ್ಕದಲ್ಲಿ. 50 ಅಂದ್ರೆ ಸುಮಾರು 20 ಮಿಲಿಮೀಟರ್, ಹೆಚ್ಚುಕಮ್ಮಿ ನಮ್ಮ ಒಂದು ರೂಪಾಯಿ ನಾಣ್ಯದ ಅಗಲ. ರೊಬುಸ್ತೊ ಮುಗಿಯೋಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಚರ್ಚಿಲ್ ಅನ್ನೋ ಅಳತೆ 7 ಬೈ 47, ಅದು ಇನ್ನೂ ಉದ್ದದ ವ್ಯವಹಾರ. ಹೊಸಬರು ‘ದೊಡ್ಡದೇ ಕೊಡಿ’ ಅನ್ನೋದು ಇಲ್ಲಿ ಜಾಣತನ ಅಲ್ಲ.

ಚರ್ಚಿಲ್ ಅಂದಾಗ ನೆನಪಾಯ್ತು. ಆತ ಎಳೆಯ ಸೈನಿಕನಾಗಿ 1895ರಲ್ಲಿ ಕ್ಯೂಬಾಕ್ಕೆ ಹೋಗಿದ್ದ, ಹವಾನಾ ಸಿಗಾರ್‌ನ ಗೆಳೆತನ ಶುರುವಾಗಿದ್ದು ಅಲ್ಲಿ. ಮರುವರ್ಷ ಬಂದಿಳಿದಿದ್ದು ನಮ್ಮ ಬೆಂಗಳೂರು ದಂಡಿಗೆ. ಬೆಂಗಳೂರು ಕ್ಲಬ್ಬಿನ ಹಳೇ ಲೆಕ್ಕದ ಪುಸ್ತಕದಲ್ಲಿ ಆತ ಉಳಿಸಿಕೊಂಡ 13 ರೂಪಾಯಿ ಬಾಕಿ ಇವತ್ತಿಗೂ ಹಾಗೇ ಇದೆ.

ಸರಿ, ವಿಷಯಕ್ಕೆ. ಸಿಗಾರ್‌ನ ಒಂದು ತುದಿ ತೆರೆದಿರುತ್ತೆ, ಇನ್ನೊಂದು ಮುಚ್ಚಿರುತ್ತೆ. ಮುಚ್ಚಿದ ತುದಿಗೆ ಎಲೆಯ ಸಣ್ಣ ಟೋಪಿ ಅಂಟಿಸಿರ್ತಾರೆ. ಕತ್ತರಿಸಬೇಕಾದ್ದು ಆ ಟೋಪಿಯ ಮೇಲ್ಭಾಗವನ್ನ ಮಾತ್ರ, ಒಂದೆರಡು ಮಿಲಿಮೀಟರ್. ಕೆಳಗೆ ಇಳಿದ್ರೆ ರ‍್ಯಾಪರ್ ಬಿಚ್ಚಿಕೊಂಡು ಬರುತ್ತೆ. ಹರಿತವಾದ ಕಟರ್ ಇದ್ರೆ ಒಂದೇ ಏಟಿಗೆ ಆಗುತ್ತೆ. ಹಲ್ಲಲ್ಲಿ ಕಚ್ಚಿ ಉಗುಳೋದು ಸಿನಿಮಾದಲ್ಲಿ ಚೆನ್ನಾಗಿರುತ್ತೆ, ಕೈಯಲ್ಲಿರೋ ಸಿಗಾರ್‌ಗಲ್ಲ.

ಹಚ್ಚೋದು ಅಂದ್ರೆ ಬೆಂಕಿಯೊಳಗೆ ತುರುಕೋದಲ್ಲ. ತೆರೆದ ತುದಿಯನ್ನ ಜ್ವಾಲೆಯ ಸ್ವಲ್ಪ ಮೇಲೆ ಹಿಡಿದು, ಹಪ್ಪಳ ಸುಡೋ ಹಾಗೆ ತಿರುಗಿಸ್ತಾ ಬಿಸಿ ಮಾಡಬೇಕು. ಅಂಚು ಪೂರ್ತಿ ಕೆಂಪಾದ ಮೇಲೆ ಬಾಯಿಗಿಟ್ಟು ಮೆಲ್ಲಗೆ ಎಳೆಯೋದು. ಗ್ಯಾಸ್ ಲೈಟರ್ ಅಥವಾ ಉದ್ದ ಬೆಂಕಿಕಡ್ಡಿ ಸರಿ. ಕಡ್ಡಿಯಾದ್ರೆ ಮದ್ದು ಉರಿದು ಮುಗಿಯೋವರೆಗೆ ಕಾಯಬೇಕು. ಪೆಟ್ರೋಲ್ ಲೈಟರ್, ಮೇಣದ ಬತ್ತಿ ಬೇಡ, ಅವುಗಳ ವಾಸನೆ ಎಲೆಗೆ ಹತ್ತುತ್ತೆ.

ಆಮೇಲೆ ಕೆಲಸ ಇರೋದು ತಾಳ್ಮೆಗೆ. ನಿಮಿಷಕ್ಕೊಂದು ಸಲ ಎಳೆದರೆ ಸಾಕು. ಹೊಗೆ ಬಾಯಲ್ಲಿ ಒಂದೆರಡು ಕ್ಷಣ ಇದ್ದು ಹೊರಗೆ. ಪದೇ ಪದೇ ಎಳೆದರೆ ತುದಿ ಕಾಯುತ್ತೆ, ಹೊಗೆ ಕಹಿಯಾಗುತ್ತೆ. ಆರಿಹೋದ್ರೆ ಅವಮಾನ ಏನಿಲ್ಲ, ಬೂದಿ ಉದುರಿಸಿ ಮತ್ತೆ ಹಚ್ಚಬಹುದು. ಸಿಗರೇಟಿನ ಹಾಗೆ ನಿಮಿಷಕ್ಕೊಮ್ಮೆ ಬೂದಿ ಕೊಡವಬೇಕಿಲ್ಲ. ಉದ್ದ ಎಲೆ ಇಟ್ಟು ಸುತ್ತಿದ ಸಿಗಾರ್‌ನಲ್ಲಿ ಬೂದಿ ಒಂದು ಇಂಚಿನವರೆಗೂ ಗಟ್ಟಿಯಾಗಿ ನಿಲ್ಲುತ್ತೆ.

ರುಚಿಯ ವಿಷಯಕ್ಕೆ ಬಂದ್ರೆ ಇಂಗ್ಲಿಷ್ ವಿಮರ್ಶೆಗಳಲ್ಲಿ ಸೀಡರ್, ಲೆದರ್, ಕೋಕೊ ಅಂತೆಲ್ಲ ಇರುತ್ತೆ. ಎಲೆಗೆ ಇವನ್ನ ಯಾರೂ ಬೆರೆಸಿರಲ್ಲ. ಅವು ಎಲೆಯ ಹದದಲ್ಲೇ ಹುಟ್ಟೋ ವಾಸನೆ. ಆ ಪಟ್ಟಿಯನ್ನ ಬಾಯಿಪಾಠ ಮಾಡಿ ಅದನ್ನೇ ಹುಡುಕ್ತಾ ಕೂರೋದು ನನಗಂತೂ ನಗು ತರಿಸುತ್ತೆ. ನಮ್ಮ ಮೂಗಿಗೆ ನಮ್ಮದೇ ನೆನಪು ಇರುತ್ತೆ: ಹುರಿದ ಕಾಫಿ ಬೀಜ, ಹಳೇ ಮರದ ಪೆಟ್ಟಿಗೆ, ಒಣಹುಲ್ಲಿನ ಬಣವೆ, ಕರಿಮೆಣಸು, ಆಲೆಮನೆ. ಮೊದಲ ಮೂರನೇ ಒಂದು ಭಾಗ ಮೆತ್ತಗೆ, ಕೊನೆಯ ಭಾಗ ಖಾರ. ಉರಿದ ಹಾಗೆ ನಿಕೋಟಿನ್, ಟಾರ್ ಎರಡೂ ಉಳಿದ ತುಂಡಿನಲ್ಲಿ ಸೇರ್ತಾ ಹೋಗುತ್ತವೆ. ಅದಕ್ಕೇ ಕೊನೆ ಎರಡು ಇಂಚು ಬಂದಾಗ ಬಿಟ್ಟುಬಿಡೋದು ರೂಢಿ. ಉಜ್ಜಿ ಆರಿಸೋದೂ ಬೇಡ, ಪಕ್ಕಕ್ಕಿಟ್ಟರೆ ತಾನೇ ಆರುತ್ತೆ.

‘ಏನೂ ಆಗಲ್ಲ’ ಅನ್ನೋರಿಗೆ

ಇಲ್ಲಿಯವರೆಗೆ ಕೇಳಿದ್ದು ಸೊಗಸಾಗಿತ್ತು. ಈಗ ಆ ಇನ್ನರ್ಧಕ್ಕೆ ಬರಬೇಕು.

ಒಂದು ಸಿಗರೇಟಿನಲ್ಲಿರೋ ತಂಬಾಕು ಒಂದು ಗ್ರಾಂಗಿಂತ ಕಡಿಮೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಪ್ರಕಾರ ದೊಡ್ಡ ಸಿಗಾರ್ ಒಂದರಲ್ಲಿ 5ರಿಂದ 20 ಗ್ರಾಂ ಇರಬಹುದು. ಅಂದ್ರೆ ಕೆಲವು ಸಿಗಾರ್‌ಗಳಲ್ಲಿ ಇಡೀ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು. ಫಿಲ್ಟರ್ ಇಲ್ಲ. ಹೊಗೆ ಶ್ವಾಸಕೋಶಕ್ಕೆ ಹೋಗದೆ ಇರಬಹುದು, ಆದರೆ ಒಂದು ಗಂಟೆ ಕಾಲ ಅದು ಇರೋದು ತುಟಿ, ನಾಲಿಗೆ, ಕೆನ್ನೆ, ಗಂಟಲಿನಲ್ಲಿ. ಎಂಜಲಿನ ಜೊತೆ ಅನ್ನನಾಳಕ್ಕೂ ಇಳಿಯುತ್ತೆ. ನಿಕೋಟಿನ್‌ಗೆ ತೆರೆದ ಬಾಗಿಲು ಯಾವುದೋ, ಕ್ಯಾನ್ಸರ್ ತರೋ ರಾಸಾಯನಿಕಗಳು ದಿನವೂ ಸವರಿಕೊಂಡು ಹೋಗೋದೂ ಅಲ್ಲೇ. ನಿತ್ಯ ಸಿಗಾರ್ ಸೇದುವವರಲ್ಲಿ, ಹೊಗೆ ಎಳೆಯದಿದ್ರೂ, ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರ್ ಅಪಾಯ ಹೆಚ್ಚು ಅಂತ ಅಧ್ಯಯನಗಳು ಸ್ಪಷ್ಟವಾಗಿ ತೋರಿಸಿವೆ. ‘ಸಿಗರೇಟ್ ಬಿಟ್ಟು ಸಿಗಾರ್‌ಗೆ ಬಂದೆ’ ಅನ್ನೋರ ಕಥೆ ಇನ್ನೂ ಕಷ್ಟ. ಎಳೆಯೋ ಅಭ್ಯಾಸ ಮೈಗಂಟಿರುತ್ತೆ, ಸಿಗಾರ್ ಹೊಗೆಯನ್ನೂ ಎದೆಗೆ ಎಳೀತಾರೆ.

ಪುರಾವೆಗೆ ದೂರ ಹೋಗೋದು ಬೇಡ. ಆಂಧ್ರದ ಕರಾವಳಿಯಲ್ಲಿ, ಶ್ರೀಕಾಕುಳಂ, ವಿಶಾಖಪಟ್ಟಣದ ಕಡೆ, ಚುಟ್ಟಾ ಅನ್ನೋ ನಾಡು ಸಿಗಾರ್ ಇದೆ. ಅಲ್ಲಿ ಅನೇಕ ಹೆಂಗಸರು ಅದನ್ನ ಉರಿಯೋ ತುದಿ ಬಾಯೊಳಗೆ ಇಟ್ಟುಕೊಂಡು ಸೇದ್ತಾ ಬಂದಿದ್ದಾರೆ. ತೆಲುಗಿನಲ್ಲಿ ಅದಕ್ಕೆ ಅಡ್ಡಪೊಗ ಅಂತಾರೆ. ಅಂಗುಳಿನ ಕ್ಯಾನ್ಸರ್ ಬೇರೆ ಕಡೆ ಅಪರೂಪ. ಈ ಸೀಮೆಯಲ್ಲಿ ಅದು ಎಷ್ಟು ಕಾಣಿಸಿತು ಅಂದ್ರೆ, ವೈದ್ಯರು ದಶಕಗಳ ಕಾಲ ಇಲ್ಲೇ ಅಧ್ಯಯನ ಮಾಡಿದರು. ಹೊಗೆಯ ಜೊತೆ ಕಾವೂ ಸೇರಿದ್ದು ನಿಜ. ಆದರೆ ಪೆಟ್ಟು ಬಿದ್ದಿದ್ದು ಬಾಯಿಗೇ.

ಸೇದೋರು ಯಾವಾಗಲೂ ಚರ್ಚಿಲ್ ಹೆಸರು ಹೇಳ್ತಾರೆ. ಆತ 90 ವರ್ಷ ಬದುಕಿದ, ಸರಿ. ಸಿಗ್ಮಂಡ್ ಫ್ರಾಯ್ಡ್ ಹೆಸರನ್ನ ಯಾಕೆ ಹೇಳಲ್ಲ? ಮನಸ್ಸಿನ ಒಳಹೊರಗು ಬಲ್ಲ ಆ ಮಹಾ ವೈದ್ಯ ದಿನಕ್ಕೆ ಸುಮಾರು 20 ಸಿಗಾರ್ ಸೇದ್ತಿದ್ದ. 1923ರಲ್ಲಿ ದವಡೆಯಲ್ಲಿ ಕ್ಯಾನ್ಸರ್ ಗೊತ್ತಾಯ್ತು. ಮುಂದಿನ 16 ವರ್ಷದಲ್ಲಿ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಆಯ್ತು, ಅಂಗುಳಿನ ಜಾಗದಲ್ಲಿ ಕೃತಕ ತುಂಡು ಇಟ್ಟುಕೊಂಡು ಮಾತಾಡಬೇಕಾಯ್ತು. ಆದರೂ ಆತನಿಗೆ ಬಿಡೋಕಾಗಲಿಲ್ಲ. ಬಿಟ್ಟಿದ್ದು ಇನ್ನೊಬ್ಬ: ತನಗಾಗಿಯೇ ಕೊಹಿಬಾ ಸಿಗಾರ್ ಸುತ್ತಿಸಿಕೊಳ್ತಿದ್ದ ಫಿಡೆಲ್ ಕ್ಯಾಸ್ಟ್ರೊ. ದೇಶದ ಜನಕ್ಕೆ ಸೇದಬೇಡಿ ಅಂತ ಹೇಳೋದಕ್ಕಾಗಿ 1985ರಲ್ಲಿ ನಿಲ್ಲಿಸಿದರು.

ಹಾಗಾದ್ರೆ ವರ್ಷಕ್ಕೊಂದು ಸೇದಿದ್ರೆ? ದಿನಾ ಸೇದೋರಷ್ಟು ಅಪಾಯ ಇಲ್ಲ. ಸುರಕ್ಷಿತ ಅನ್ನೋ ಗೆರೆ ಮಾತ್ರ ತಂಬಾಕಿನಲ್ಲಿ ಎಲ್ಲೂ ಇಲ್ಲ. ಜೊತೆಗೆ ನಿಕೋಟಿನ್ ಚಟ ಹತ್ತಿಸುತ್ತೆ, ವರ್ಷಕ್ಕೊಂದು ತಿಂಗಳಿಗೊಂದಾಗೋಕೆ ತಡ ಆಗಲ್ಲ. ಈಗಾಗಲೇ ಸಿಗರೇಟ್, ಗುಟ್ಕಾ ಇರೋ ಬಾಯಿಗೆ ಇದನ್ನೂ ಸೇರಿಸೋದಂತೂ ಬೇಡವೇ ಬೇಡ.

ಕೊನೆಗೆ ಎರಡು ಪ್ರಶ್ನೆ

ಒಂದು, ‘ಅಸಲಿ ಕ್ಯೂಬಾ ಸಿಗಾರ್ ಅಂತ ಹೇಗೆ ಗೊತ್ತಾಗುತ್ತೆ?’ ಕ್ರಾಂತಿಯ ನಂತರ 1960ರಲ್ಲಿ ಕ್ಯೂಬಾ ಸರ್ಕಾರ ಕಾರ್ಖಾನೆಗಳನ್ನ ವಶಪಡಿಸಿಕೊಂಡಾಗ ಹಲವು ಮಾಲೀಕರು ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್‌ನಂಥ ಕಡೆ ಹೊಸದಾಗಿ ನೆಲೆ ಕಂಡುಕೊಂಡರು. ಅದಕ್ಕೇ ಮೊಂತೆಕ್ರಿಸ್ತೊ, ರೊಮಿಯೊ ಹೆಸರಿನಲ್ಲಿ ಇವತ್ತು ಎರಡೆರಡು ದೇಶದ ಸಿಗಾರ್ ಇವೆ. ಕ್ಯೂಬಾದ್ದಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ. 1962ರ ಫೆಬ್ರುವರಿಯಲ್ಲಿ ಅಮೆರಿಕ ಅಧ್ಯಕ್ಷ ಕೆನಡಿ ಕ್ಯೂಬಾ ಸರಕಿಗೆ ನಿರ್ಬಂಧ ಹೇರುವ ಮೊದಲು, ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರ್‌ಗೆ ರಾತ್ರೋರಾತ್ರಿ ಸುಮಾರು 1,000 ಕ್ಯೂಬಾ ಸಿಗಾರ್ ತರಿಸೋಕೆ ಹೇಳಿದ್ದರು. ಸ್ಯಾಲಿಂಜರ್ ಆಮೇಲೆ ತಾವೇ ಇದನ್ನ ಬರೆದುಕೊಂಡಿದ್ದಾರೆ. ಆ ನಿರ್ಬಂಧದ ಆಕರ್ಷಣೆಯಿಂದಲೇ ನಕಲಿ ಮಾಲು ಹೆಚ್ಚು. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ‘ಕೊಹಿಬಾ’ ಕಂಡರೆ ಅದು ನಕಲಿ ಅಂತಲೇ ತಿಳಿಯಿರಿ. ನಮ್ಮ ದೇಶದಲ್ಲಿ ಆಮದು ತಂಬಾಕಿನ ಪ್ಯಾಕಿಗೂ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಲೇಬೇಕು. ಅದಿಲ್ಲದ ಪೆಟ್ಟಿಗೆ ಕಾನೂನಿನ ದಾರಿಯಲ್ಲಿ ಬಂದಿದ್ದಲ್ಲ. ಹಾಗೇ, ರಾಜ್ಯದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ ಈಗ 200 ಅಲ್ಲ, 1,000 ರೂಪಾಯಿ.

ಎರಡು, ‘ಎರಡು ವರ್ಷದ ಹಿಂದೆ ಯಾರೋ ಕೊಟ್ಟ ಸಿಗಾರ್ ಬೀರುವಿನಲ್ಲಿದೆ, ಸೇದಬಹುದಾ?’ ಸಿಗಾರ್‌ಗೆ ಶೇ 65ರಿಂದ 70ರಷ್ಟು ತೇವಾಂಶ, 20 ಡಿಗ್ರಿ ಆಸುಪಾಸಿನ ತಂಪು ಬೇಕು. ಅದಕ್ಕೇ ಸೀಡರ್ ಮರದ ಡಬ್ಬಿಯಲ್ಲಿ ಇಡೋದು. ಬೀರುವಿನಲ್ಲಿ ಅದು ಹಪ್ಪಳ ಆಗಿರುತ್ತೆ, ಹಚ್ಚಿದ್ರೆ ಕಾಗದದ ಹಾಗೆ ಭಗ್ ಅಂತ ಉರಿದು ಬಾಯಿ ಸುಡುತ್ತೆ. ಮಂಗಳೂರಿನ ಸೆಕೆಯಲ್ಲಿಟ್ಟಿದ್ರೆ ಒಳಗಿನ ಮೊಟ್ಟೆ ಒಡೆದು ತಂಬಾಕು ಹುಳ ಸೂಜಿ ಚುಚ್ಚಿದಂಥ ತೂತು ಮಾಡಿರುತ್ತೆ. ಸೇದಬೇಡಿ. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಹೊದಿಕೆ ಬೇರೆ, ಕಟ್ಟು ಬೇರೆ, ಒಳಗಿನ ಎಲೆ ಬೇರೆ ಮಾಡಿ ಮೇಜಿನ ಮೇಲೆ ಹರಡಿ ನೋಡಿ. ಯಾವುದು ಬುಡದ ಎಲೆ, ಯಾವುದು ತುದಿಯ ದಪ್ಪ ಎಲೆ ಅಂತ ಬೆರಳಿಗೇ ಗೊತ್ತಾಗುತ್ತೆ.